ನೀಲಗಿರಿ ಕಾಯಿಯ ತೋರಣ

ಮಹದೇವಸ್ವಾಮಿಯ ಮಾನ ಹೋದದ್ದು ಒಂದು ಚಾಕಲೇಟು ಡಬ್ಬಿಯಿಂದ. ಹೋದ ವರ್ಷದ ಸಂಕ್ರಾಂತಿಗೆ ಮಸಿನಗುಡಿಯ ಅತ್ತೆ ಮನೆಗೆ ಹೊರಟಾಗ ಊಟಿ ಬಸ್‌ಸ್ಟ್ಯಾಂಡಿನ ಎದುರು ಅದನ್ನು ಕೊಂಡಿದ್ದ. ಡಬ್ಬಿಯ ಮೇಲೆ ‘ಮನೆಯಲ್ಲೇ ಮಾಡಿದ್ದು’ ಎಂದು ಅಚ್ಚಾಗಿತ್ತು. ಊಟಿಯಲ್ಲಿ ಮಾರುವ ಚಾಕಲೇಟೆಲ್ಲ ಮನೆಯಲ್ಲೇ ಮಾಡಿದ್ದು. ಯಾರ ಮನೆ ಎಂದು ಯಾರೂ ಕೇಳುವುದಿಲ್ಲ. ಅತ್ತೆ ಸಿದ್ದಾಜಮ್ಮ ಮಾತ್ರ, “ನೀವೇ ಮಾಡಿದ್ರಾ ಅಳಿಯಂದ್ರೆ?” ಎಂದು ಕೇಳಿದರು. ಬಾಯಿ ತುಂಬ ಚಾಕಲೇಟಿದ್ದ ಮಹದೇವಸ್ವಾಮಿ ತಲೆಯಾಡಿಸಿದ. ಅತ್ತೆ ಅದನ್ನು ಹೌದು ಎಂದು ತಿಳಿದರು. ಅವನೂ ಅಲ್ಲವೆನ್ನಲಿಲ್ಲ.

ಸಾಯಂಕಾಲದ ಹೊತ್ತಿಗೆ ಬೀದಿಯ ಅರ್ಧ ಹೆಂಗಸರು ಬಂದು ಅಳಿಯನ ಕೈಗುಣ ಹೊಗಳಿ ಹೋಗಿದ್ದರು. ಆಗ ಷಡ್ಡಕ ರಾಜೇಶ್‌ಕುಮಾರ್ ಖಾಲಿ ಡಬ್ಬಿಯನ್ನು ಮಗುಚಿ, ಅಡಿಯಲ್ಲಿದ್ದ ಅಂಗಡಿಯ ಹೆಸರನ್ನೂ ಫೋನ್ ನಂಬರನ್ನೂ ಗಟ್ಟಿಯಾಗಿ ಓದಿದ. ಅಂದಿನಿಂದ ಆ ಮನೆಯ ಮಕ್ಕಳ ಬಾಯಲ್ಲಿ ಮಹದೇವಸ್ವಾಮಿ ‘ಡಬ್ಬಿ ದೊಡ್ಡಪ್ಪ’ ಆದ.

ಸಿದ್ದಾಜಮ್ಮ ಅಂದೇ ಕಾನೂನು ಮಾಡಿದರು. “ಇನ್ಮೇಲೆ ಹಬ್ಬಕ್ಕೆ ಬರೋರು ಕೈಯಾರೆ ಮಾಡಿದ್ದನ್ನ ತನ್ನಿ, ಇಲ್ದಿದ್ರೆ ಬರಿಗೈಲಿ ಬನ್ನಿ. ಅಂಗ್ಡಿ ಸಾಮಾನು ನನ್ ಹೊಸ್ಲು ದಾಟಕೂಡ್ದು.” ಹೆಂಡತಿ ರೂಪಶ್ರೀ ಸೋಲೂರಿಗೆ ವಾಪಸು ಬರುವ ಬಸ್ಸಿನಲ್ಲಿ ಇನ್ನೂ ಒಂದು ಕಲಮು ಸೇರಿಸಿದಳು. “ಇನ್ನೊಂದ್ಸಲ ಸುಳ್ಳು ಸಿಕ್ಕಿಬಿತ್ತೋ, ಆಮೇಲೆ ನಾನು ನಿಮ್ಮ ಜೊತೆ ತೌರಿಗೆ ಕಾಲಿಡಲ್ಲ ರೀ. ನೀವು ಯಾರೋ, ನಾನು ಯಾರೋ.”

ಮಹದೇವಸ್ವಾಮಿ ಸೋಲೂರಿನ ಒಂದು ಟೀ ಫ್ಯಾಕ್ಟರಿಯಲ್ಲಿ ಎಲೆ ತೂಗುವ ಗುಮಾಸ್ತ. ಬೇರೆಯವರು ಕಿತ್ತ ಎಲೆಯನ್ನು ತೂಗುವುದು ಬಿಟ್ಟರೆ ನಲವತ್ತನಾಲ್ಕು ವರ್ಷದಲ್ಲಿ ಅವನ ಕೈ ಏನನ್ನೂ ಮಾಡಿರಲಿಲ್ಲ. ಆದರೆ ಹಟ ಬಂದರೆ ಬಂತು. ಫ್ಯಾಕ್ಟರಿ ಕ್ವಾರ್ಟರ್ಸಿನ ಹಿಂದೆ ನಾಲ್ಕು ನೀಲಗಿರಿ ಮರಗಳಿದ್ದವು. ಅವುಗಳ ಕೆಳಗೆ ಕೋಟಿನ ಗುಂಡಿಯಂಥ ಗಟ್ಟಿ ಕಾಯಿಗಳು ಬೇಕಾದಷ್ಟು ಬಿದ್ದಿರುತ್ತಿದ್ದವು. ಡಿಸೆಂಬರ್ ನಡುವೆ ಒಂದು ಚೀಲ ಆರಿಸಿ ತಂದು ಸೌದೆ ಶೆಡ್ಡಿನಲ್ಲಿ ಚಿಲಕ ಹಾಕಿಕೊಂಡು ಕೂತ. ಕಾಯಿಯನ್ನು ನೀರಲ್ಲಿ ಕುದಿಸಿ, ದಬ್ಬಳದಿಂದ ತೂತು ಕೊರೆದು, ಹುರಿಗೆ ಪೋಣಿಸಿ, ಅತ್ತೆಯ ತಲೆಬಾಗಿಲಿಗೆ ತೋರಣ ಮಾಡುವುದೆಂದು ತೀರ್ಮಾನಿಸಿದ.

ಮೊದಲ ವಾರ ಕಾಯಿಗಳು ಒಡೆದವು. ಎರಡನೆಯ ವಾರ ಬೆರಳುಗಳು ಒಡೆದವು. ಮೂರನೆಯ ವಾರ ಕೈಗೆ ಏನೋ ಹೊಳೆಯಿತು. ಮೂರು ಕಾಯಿಗೆ ಒಂದು ಗಂಟು ಹಾಕಿದರೆ ಎಳೆ ನೇರವಾಗಿ ಇಳಿಯುತ್ತದೆ ಎಂದು ಅದೇ ಕಂಡುಹಿಡಿಯಿತು. ಹಬ್ಬದ ಹೊತ್ತಿಗೆ ಹಳೆಯ ಟೀ ಪೆಟ್ಟಿಗೆಯ ಒಂದು ಹಲಗೆಪಟ್ಟಿಯಿಂದ ಇಪ್ಪತ್ತೊಂದು ಎಳೆಗಳು ತೂಗಾಡುತ್ತಿದ್ದವು. ಹತ್ತಿರ ಹೋದರೆ ನೆಗಡಿ ಬಿಡುವಂಥ ಪರಿಮಳ. ಮಹದೇವಸ್ವಾಮಿ ಅದನ್ನು ನೋಡಿ, ಯಾರೂ ಇಲ್ಲದ್ದನ್ನು ಖಾತ್ರಿ ಮಾಡಿಕೊಂಡು, ಸ್ವಲ್ಪ ಅತ್ತ.

ಎಳ್ಳಿಗೆ ಕೊಬ್ಬರಿ ಹೆಚ್ಚಲು ರೂಪಶ್ರೀ ಮೂರು ದಿನ ಮೊದಲೇ ತೌರಿಗೆ ಹೋಗಿದ್ದಳು. ಹಬ್ಬದ ಬೆಳಿಗ್ಗೆ ಮಹದೇವಸ್ವಾಮಿ ತೋರಣವನ್ನು ದೊಡ್ಡ ಪ್ಲಾಸ್ಟಿಕ್ ಕವರಿಗೆ ಇಳಿಸಿ ಹೊರಗೆ ಬಂದ. ಪಕ್ಕದ ಕ್ವಾರ್ಟರ್ಸಿನ ಮಲರ್‌ಕೊಡಿ ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದಳು. ಊರಿನವರ ಕ್ಷೇಮವನ್ನೆಲ್ಲ ಮೈಮೇಲೆ ಹೇರಿಕೊಂಡ ಹೆಂಗಸು ಅವಳು.

“ಅಯ್ಯಯ್ಯೋ ಅಣ್ಣಾ, ಪ್ಲಾಸ್ಟಿಕ್ ಕವರಾ? ಊಟಿಲಿ ಹಿಡಿದ್ರೆ ಫೈನ್ ಹಾಕ್ತಾರೆ, ಗೊತ್ತಿಲ್ವಾ?”

“ತೋರಣ ಒಳಗಿದೆ ಕಣಮ್ಮ. ಎಳೆ ಸಿಕ್ಕಾಗ್ಬಾರ್ದು ಅಂತ.”

“ತೋರಣ ಇರ್ಲಿ, ಆನೆ ಇರ್ಲಿ. ಕೊಡಿ ಇಲ್ಲಿ.” ಕವರ್ ಕಿತ್ತುಕೊಂಡು, ಒಳಗಿನಿಂದ ಒಂದು ಹಳೆಯ ಟವೆಲ್ ತಂದು ತೋರಣಕ್ಕೆ ಸುತ್ತಿಕೊಟ್ಟಳು. ಟವೆಲ್ಲಿಗಿಂತ ತೋರಣ ಉದ್ದವಿತ್ತು. ಎರಡೂ ಕಡೆ ಎಳೆಗಳು ಹೊರಗೆ ಇಳಿಬಿದ್ದವು.

ಊಟಿಯ ತನಕ ಬಸ್ಸಿನಲ್ಲಿದ್ದವರೆಲ್ಲ ಆ ಎಳೆಗಳನ್ನು ಮುಟ್ಟಿ ನೋಡಿದರು. ಒಬ್ಬರು ದೃಷ್ಟಿ ತೆಗೆಯುವುದಕ್ಕೋ ಎಂದು ಕೇಳಿದರು, ಇನ್ನೊಬ್ಬರು ಎಮ್ಮೆಯ ಕೊರಳಿಗೋ ಎಂದು ಕೇಳಿದರು. ಪಕ್ಕದಲ್ಲಿದ್ದ ಮಫ್ಲರಿನವ, “ಎಲ್ಲಿ ತಗೊಂಡ್ರಿ?” ಎಂದ.

“ತಗೊಂಡಿಲ್ಲ. ಮಾಡಿದ್ದು.”

“ಯಾರು ಮಾಡಿದ್ದು?”

“ನಾನು.”

ಮಫ್ಲರಿನವ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಕಿಟಕಿಯ ಕಡೆ ತಿರುಗಿದ. ಮಹದೇವಸ್ವಾಮಿಗೆ ಮೈ ಉರಿಯಿತು. ಆದರೂ ಅವನೇನು ಅತ್ತೆಯೇ, ಬಿಡು ಎಂದುಕೊಂಡ.

ನಿಜವಾದ ತೊಂದರೆ ಶುರುವಾದದ್ದು ಊಟಿಯಲ್ಲಿ ಮಸಿನಗುಡಿ ಬಸ್ಸು ಹತ್ತಿದ ಮೇಲೆ. ಕಲ್ಲಟ್ಟಿ ಇಳಿಜಾರಿಗೆ ಮುಂಚೆ ಚೆಕ್‌ಪೋಸ್ಟಿನಲ್ಲಿ ಬಸ್ಸು ನಿಂತಿತು. ಖಾಕಿ ಸ್ವೆಟರಿನ ಫಾರೆಸ್ಟ್ ಗಾರ್ಡ್ ಒಬ್ಬ ಹತ್ತಿ, ಸೀಟುಗಳ ಕೆಳಗೆಲ್ಲ ನೋಡುತ್ತ ಬಂದು ಟವೆಲ್ಲಿನ ಮುಂದೆ ನಿಂತ.

“ಎನ್ನಂಗ ಇದು?”

“ತೋರಣ ಸಾರ್.”

ಗಾರ್ಡ್ ಒಂದು ಎಳೆ ಎತ್ತಿ ಮೂಸಿದ. “ಕಾಡಿನ ಕಾಯಿ ಅಲ್ವಾ ಇದು? ಕಾಡಿಂದ ಏನೂ ಎತ್ಕೊಂಡು ಹೋಗೋ ಹಾಗಿಲ್ಲ, ಸಾಮಿ.”

“ನಮ್ಮ ಕ್ವಾರ್ಟರ್ಸ್ ಹಿಂದಿನ ಮರದ್ದು ಸಾರ್. ಬಿದ್ದಿದ್ದನ್ನ ಆರಿಸ್ಕೊಂಡಿದ್ದು.”

“ಅದನ್ನ ಮರ ಬಂದು ಹೇಳುತ್ತಾ?” ಗಾರ್ಡ್ ಕೆಟ್ಟವನೇನಲ್ಲ, ಹಬ್ಬದ ದಿನ ಡ್ಯೂಟಿಗೆ ಬಿದ್ದಿದ್ದ, ಅಷ್ಟೆ. ದಾರಿಯನ್ನೂ ಅವನೇ ತೋರಿಸಿದ. “ಅಂಗಡಿ ಮಾಲು ಅಂದ್ರೆ ನಂಗೇನೂ ತೊಂದ್ರೆ ಇಲ್ಲ. ಅಂಗಡಿದಾ?”

ಇಡೀ ಬಸ್ಸು ಮಹದೇವಸ್ವಾಮಿಯನ್ನು ನೋಡಿತು. ಹೌದು ಎಂಬ ಒಂದು ಮಾತಿಗೆ ಬಸ್ಸು ಹೊರಡುತ್ತಿತ್ತು. ಆದರೆ ಒಂದು ವರ್ಷ ‘ಡಬ್ಬಿ ದೊಡ್ಡಪ್ಪ’ ಎನಿಸಿಕೊಂಡ ಮನುಷ್ಯ ಅವನು. ಎದ್ದು ನಿಂತ.

“ಅಂಗಡಿದಲ್ಲ ಸಾರ್. ನಾನೇ ಮಾಡಿದ್ದು. ಈ ಕೈಯಿಂದ.”

“ಹಂಗಾದ್ರೆ ಇಳಿಸಿ.”

“ಅಂಗಡಿದು ಅಂದ್ಬಿಡಿ ಸ್ವಾಮಿ, ನಿಮ್ಮ ಗಂಟೇನು ಹೋಯ್ತದೆ?” ಎಂದಿತು ಹಿಂದಿನ ಸೀಟು. “ನಮ್ಗೂ ಹಬ್ಬ ಇಲ್ವಾ?” ಎಂದಿತು ಮುಂದಿನ ಸೀಟು. ಡ್ರೈವರು ಹಾರನ್ ಒತ್ತಿದ.

“ನಾನು ಇಳೀತೀನಿ. ತೋರಣ ಹೊತ್ಕೊಂಡು ಮಸಿನಗುಡಿಗೆ ನಡ್ಕೊಂಡು ಹೋಗ್ತೀನಿ. ಅಂಗಡಿದು ಅಂತ ಮಾತ್ರ ನನ್ನ ಬಾಯಲ್ಲಿ ಬರಲ್ಲ,” ಎಂದ ಮಹದೇವಸ್ವಾಮಿ.

ಚೆಕ್‌ಪೋಸ್ಟಿನ ಪಕ್ಕದಲ್ಲೇ ಸುರೇಂದ್ರನ್ ಎಂಬವನ ಅಂಗಡಿ. ನೀಲಗಿರಿ ಎಣ್ಣೆ, ಟೋಪಿ, ಮರದ ಆನೆ ಮಾರುತ್ತಿದ್ದ. ಹಬ್ಬದ ರಜೆಗೆ ಬಂದ ಪ್ರವಾಸಿಗಳಿಗೆ ಅಂಗಡಿ ಕಾಣದಂತೆ ಬಸ್ಸು ಅಡ್ಡ ನಿಂತಿದ್ದನ್ನು ಎಷ್ಟು ಹೊತ್ತು ಸಹಿಸಿಯಾನು? ದಡದಡನೆ ಬಸ್ಸು ಹತ್ತಿ ವಿಷಯ ಕೇಳಿಕೊಂಡ. ಜೇಬಿನಿಂದ ಅಂಟುಚೀಟಿಯ ಸುರುಳಿ ತೆಗೆದು, ಒಂದನ್ನು ಹರಿದು, ತೋರಣದ ಹಲಗೆಯ ನಟ್ಟನಡುವೆ ಟಪ್ಪೆಂದು ಅಂಟಿಸಿದ. ‘ಸುರೇಂದ್ರನ್ ಗಿಫ್ಟ್ಸ್, ಚೆಕ್‌ಪೋಸ್ಟ್ ಹತ್ತಿರ, ಕಲ್ಲಟ್ಟಿ ರಸ್ತೆ’ ಎಂಬ ಚಿನ್ನದ ಬಣ್ಣದ ಅಕ್ಷರಗಳು ಮಿನುಗಿದವು.

“ತೀರ್ತು ಸಾರೇ. ಇದು ಈಗ ನಮ್ಮ ಅಂಗಡಿ ಮಾಲು. ಬಸ್ಸು ಬಿಡಿ,” ಎಂದು ಇಳಿದುಹೋದ. ಗಾರ್ಡ್ ಚೀಟಿಯನ್ನು ಓದಿ, ಸಮಾಧಾನವಾಗಿ ತಲೆಯಾಡಿಸಿ, ಅವನ ಹಿಂದೆಯೇ ಇಳಿದು ಬಸ್ಸಿನ ಮೈಗೆ ಎರಡು ಸಲ ತಟ್ಟಿದ. ಮಹದೇವಸ್ವಾಮಿ ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಇಳಿಜಾರು ಹಿಡಿದಿತ್ತು.

ಕಲ್ಲಟ್ಟಿಯಲ್ಲಿ ಮೂವತ್ತಾರು ತಿರುವುಗಳಿವೆ. ಮೂವತ್ತಾರರಲ್ಲೂ ಮಹದೇವಸ್ವಾಮಿ ಆ ಚೀಟಿಯನ್ನು ಕೆರೆದ. ಉಗುರಿನಿಂದ ಕೆರೆದ, ಕೀಲಿಕೈಯಿಂದ ಕೆರೆದ, ಉಗುಳು ಹಚ್ಚಿ ಕೆರೆದ. ಹಲಗೆಯ ಸಿಬಿರು ಎದ್ದಿತು, ಚೀಟಿ ಏಳಲಿಲ್ಲ. ಇಪ್ಪತ್ತೆರಡನೆಯ ತಿರುವಿನಲ್ಲಿ ಪಕ್ಕದಲ್ಲಿ ನಿಂತಿದ್ದ ಅಜ್ಜಿಯೊಬ್ಬಳು ಬೀಳುವಂತಾಗಿ ಕೈಗೆ ಸಿಕ್ಕ ಎರಡು ಎಳೆಗಳನ್ನು ಹಿಡಿದು ಜೋತುಬಿದ್ದಳು. ಅಜ್ಜಿ ಉಳಿದಳು, ಎಳೆಗಳು ಹರಿದವು. ಉಳಿದ ಹದಿನಾಲ್ಕು ತಿರುವು ಅವನು ಸೀಟುಗಳ ಕೆಳಗೆ ತೆವಳಿ ಕಾಯಿ ಆರಿಸಿ ಜೇಬಿಗೆ ತುಂಬಿಕೊಳ್ಳುತ್ತ, ನಡುನಡುವೆ ಎದ್ದು ಚೀಟಿ ಕೆರೆಯುತ್ತ ಕಳೆದ. ಮಸಿನಗುಡಿಯಲ್ಲಿ ಇಳಿದಾಗ ಪ್ಯಾಂಟಿನ ಮಂಡಿ ಕಪ್ಪಾಗಿತ್ತು, ಚೀಟಿ ಹೊಸದರಂತಿತ್ತು.

ಮುಚ್ಚಿಡಬಾರದು ಎಂದು ದಾರಿಯಲ್ಲೇ ನಿರ್ಧರಿಸಿದ. ಮುಚ್ಚಿಟ್ಟದ್ದರಿಂದಲೇ ಹೋದ ವರ್ಷ ಕೆಟ್ಟದ್ದು. ಟವೆಲ್ ಬಿಚ್ಚಿ, ತೋರಣವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಅತ್ತೆ ಮನೆಯ ಪಡಸಾಲೆಗೆ ಬಂದ.

ಮನೆಯವರೆಲ್ಲ ಅಲ್ಲೇ ಇದ್ದರು. ಸಿದ್ದಾಜಮ್ಮ ಚಾಪೆಯ ಮೇಲೆ ಕೂತು ಎಳ್ಳು ಬೆಲ್ಲ ಬೆರೆಸುತ್ತಿದ್ದರು. ಸಫಾರಿ ಜೀಪು ಓಡಿಸುವ ರಾಜೇಶ್‌ಕುಮಾರ್ ತಂದ ತೆಂಗಿನ ಕರಟದ ದೀಪ ಆಗಲೇ ದೇವರ ಮುಂದೆ ಉರಿಯುತ್ತಿತ್ತು. ಅದರ ಮೇಲೆ ಚೀಟಿ ಇರಲಿಲ್ಲ. ಅಷ್ಟರಿಂದಲೇ ಅದು ಕೈಯಾರೆ ಮಾಡಿದ್ದು ಎಂದು ಎಲ್ಲರೂ ಒಪ್ಪಿಕೊಂಡಿದ್ದರು.

“ಅಣ್ಣ, ಚೆನ್ನಾಗದೆ,” ಎಂದು ರಾಜೇಶ್‌ಕುಮಾರ್ ಎದ್ದು ಬಂದು ಹಲಗೆಯ ಮೇಲೆ ಕಣ್ಣಾಡಿಸಿದ. ಓದುವುದರಲ್ಲಿ ಅವನು ಮೊದಲಿಂದಲೂ ಚುರುಕು. “ಸುರೇಂದ್ರನ್ ಗಿಫ್ಟ್ಸ್. ಚೆಕ್‌ಪೋಸ್ಟ್ ಹತ್ತಿರ.”

ರೂಪಶ್ರೀ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು. ನಾದಿನಿ ಸುನೀತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಕೇಳಿ ಇಲ್ಲಿ. ಚೀಟಿ ಅಂಗಡಿದು. ತೋರಣ ನಂದು,” ಎಂದು ಮಹದೇವಸ್ವಾಮಿ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ಹೇಳುತ್ತ ಹೋದಂತೆ, ಸತ್ಯ ಎಷ್ಟು ಸುಳ್ಳಿನಂತೆ ಕೇಳುತ್ತದೆ ಎಂದು ಅವನಿಗೇ ಆಶ್ಚರ್ಯವಾಯಿತು.

“ಅಂದ್ರೆ, ಕೊಳ್ಳದಿದ್ರೂ ಅಂಗಡಿಯೋನೇ ಬಂದು ಚೀಟಿ ಅಂಟಿಸ್ದ. ಅದೂ ಓಡಿ ಬಂದು,” ಎಂದ ರಾಜೇಶ್‌ಕುಮಾರ್, ತುಂಬ ಮೃದುವಾಗಿ.

“ರೀ, ಸಾಕು ಮಾಡಿ,” ಎಂದಳು ರೂಪಶ್ರೀ. ಅವಳ ಕಣ್ಣಲ್ಲಿ ನೀರಿತ್ತು.

ಆ ನೀರು ಕಂಡದ್ದೇ ಮಹದೇವಸ್ವಾಮಿಗೆ ಎಲ್ಲಿಲ್ಲದ ಕೆಚ್ಚು ಬಂತು. ಪಡಸಾಲೆಯ ನಡುವೆ ಚಕ್ಕಳಮಕ್ಕಳ ಹಾಕಿ ಕೂತ. “ದಬ್ಬಳ ತನ್ನಿ. ಹುರಿ ತನ್ನಿ. ಎರಡು ಎಳೆ ಹರಿದಿವೆ. ನಿಮ್ಮ ಕಣ್ಣೆದುರೇ ಪೋಣಿಸ್ತೀನಿ. ಆಮೇಲೆ ಮಾತಾಡಿ.”

ದಬ್ಬಳ ಬಂತು. ಜೇಬಿನಿಂದ ಕಾಯಿ ಸುರಿದುಕೊಂಡು ಶುರುಮಾಡಿದ. ಮೂರು ಕಾಯಿ, ಒಂದು ಗಂಟು. ಮೂರು ಕಾಯಿ, ಒಂದು ಗಂಟು. ಬಸ್ಸಿನಲ್ಲಿ ಕಾಲಡಿ ಸಿಕ್ಕಿ ತೂತು ಮುಚ್ಚಿಹೋದ ಕಾಯಿಯನ್ನು ಬೆರಳ ತುದಿಯಲ್ಲೇ ತಿರುಗಿಸಿ, ದಬ್ಬಳವನ್ನು ಒಂದೇ ಸಲಕ್ಕೆ ಆಚೆ ತೂರಿಸಿದ. ನೋಡನೋಡುತ್ತ ಎರಡು ಎಳೆ ನೇರವಾಗಿ ಇಳಿದವು. ಮಕ್ಕಳು ಸುತ್ತ ಬಂದು ಕೂತರು. ರಾಜೇಶ್‌ಕುಮಾರನ ಬಾಯಿ ತೆರೆದೇ ಇತ್ತು.

ಸಿದ್ದಾಜಮ್ಮ ಎದ್ದು ಬಂದರು. ಅಳಿಯನ ಕೈ ಹಿಡಿದು, ಬೆರಳ ತುದಿಗಳನ್ನು ಬೆಳಕಿಗೆ ತಿರುಗಿಸಿ ನೋಡಿದರು. ತೂತಿನ ಮೇಲೆ ತೂತು, ಗಾಯದ ಮೇಲೆ ಗಾಯ.

“ಈ ಬೆಳ್ಳು ಸುಳ್ಳಾಡಕಿಲ್ಲ,” ಎಂದರು. “ಇವ್ರೇ ಮಾಡವ್ರೆ ಕಣವ್ವ ರೂಪಾ.”

ಮಹದೇವಸ್ವಾಮಿ ತಲೆಯೆತ್ತಿ ಒಬ್ಬೊಬ್ಬರನ್ನೇ ನೋಡಿದ. ಒಂದು ವರ್ಷದ ಭಾರ ಎದೆಯಿಂದ ಇಳಿಯಿತು. ರೂಪಶ್ರೀ ನಕ್ಕಳು. ಆ ನಗು ಎಷ್ಟು ಹೊತ್ತಿತ್ತು ಎಂದರೆ, ಅವನು ಒಂದು ಲೋಟ ನೀರು ಕುಡಿದು ಮುಗಿಸುವಷ್ಟು ಹೊತ್ತು.

“ಕೈ ಭಾಳಾ ಪಳಗದೆ,” ಎಂದರು ಸಿದ್ದಾಜಮ್ಮ, ಬೆರಳುಗಳನ್ನು ಇನ್ನೂ ಬಿಡದೆ. “ಒಂದು ತೋರಣ ಮಾಡಿದ ಕೈಯಲ್ಲ ಇದು.”

“ಹೌದಲ್ವಾ ಅತ್ತೆ,” ಎಂದ ರಾಜೇಶ್‌ಕುಮಾರ್ ನಿಧಾನವಾಗಿ. “ಮಾಡಿದ್ದು ಅಣ್ಣನೇ, ಅದೂ ನಿಜ. ಚೀಟಿ ಅಂಗಡಿದು, ಅದೂ ನಿಜ. ಹಂಗಾದ್ರೆ ಅಣ್ಣ ಆ ಅಂಗಡಿಗೆ ಮಾಡಿ ಹಾಕ್ತಾವ್ರೆ.”

ಪಡಸಾಲೆ ಒಂದು ಕ್ಷಣ ಯೋಚಿಸಿತು. ಲೆಕ್ಕ ಸರಿಯಾಗಿತ್ತು.

“ಅದಕ್ಕೇನಾ ಒಂದು ತಿಂಗಳು ದಿನಾ ಸಾಯಂಕಾಲ ಶೆಡ್ಡಲ್ಲಿ ಚಿಲಕ ಹಾಕ್ಕೊಂಡು ಕೂತಿದ್ದು?” ಎಂದಳು ರೂಪಶ್ರೀ. ಅವಳ ದನಿ ಮೊದಲಿಗಿಂತ ಕೆಟ್ಟದಾಗಿತ್ತು. “ನಾನು ಕೇಳಿದ್ರೆ ಹಬ್ಬಕ್ಕೆ, ಹಬ್ಬಕ್ಕೆ ಅಂತಿದ್ರಿ. ವ್ಯಾಪಾರ ಮಾಡ್ಕೊಂಡು ಕಟ್ಕೊಂಡೋಳಿಗೇ ಮುಚ್ಚಿಟ್ರಲ್ಲ ರೀ.”

“ವ್ಯಾಪಾರ ಅಲ್ಲ ಕಣೇ. ಇದೊಂದೇ ಮಾಡಿದ್ದು. ಆಣೆಗೂ.”

“ಒಂದಕ್ಕೆ ಬೆಳ್ಳು ಹಿಂಗಾಯ್ತದಾ?” ಎಂದು ಸಿದ್ದಾಜಮ್ಮ ಕೈ ಬಿಟ್ಟರು. ವಾಪಸು ಹೋಗಿ ಎಳ್ಳಿನ ಮುಂದೆ ಕೂತರು. “ಹೋದ ವರ್ಷ ಅಂಗ್ಡಿದು ತಂದು ನಾನೇ ಮಾಡಿದ್ದು ಅಂದ್ರು, ಹೋಗ್ಲಿ. ಈ ವರ್ಷ ಅಂಗ್ಡಿಗೆ ಹಾಕಿ ಮಿಕ್ಕಿದ್ದನ್ನ ಅತ್ತೆಗೆ ತಂದವ್ರೆ.”

ಮಹದೇವಸ್ವಾಮಿ ಎದ್ದು ಅಡುಗೆಮನೆಗೆ ಹೋಗಿ ಸುತ್ತಿಗೆಯನ್ನೂ ಎರಡು ಮೊಳೆಯನ್ನೂ ತಂದ. ಯಾರನ್ನೂ ಕೇಳದೆ ತಲೆಬಾಗಿಲಿಗೆ ಸ್ಟೂಲು ಹಾಕಿ ಹತ್ತಿದ. ಒಂದು ಮೊಳೆ ಈ ಕಡೆ, ಒಂದು ಮೊಳೆ ಆ ಕಡೆ ಹೊಡೆದು, ತೋರಣ ಕಟ್ಟಿ, ಚೀಟಿಯನ್ನು ಒಳಮುಖ ಮಾಡುವ ಗೋಜಿಗೂ ಹೋಗದೆ ಬೀದಿಯ ಕಡೆಗೇ ಬಿಟ್ಟ. ಇಪ್ಪತ್ತೊಂದು ಎಳೆಗಳು ಗಾಳಿಗೆ ಕಟಕಟ ಎಂದವು. ನಿಜವಾಗಿಯೂ ಬಲು ಚೆಂದವಾಗಿತ್ತು.

“ಯಾರು ಏನಾದ್ರೂ ಅಂದ್ಕೊಳ್ಳಿ,” ಎಂದ ಸ್ಟೂಲಿನ ಮೇಲಿಂದಲೇ. “ಇದು ನಾನು ಮಾಡಿದ್ದು, ನಮ್ಮತ್ತೆಗೆ ಮಾಡಿದ್ದು. ಇಲ್ಲೇ ಇರ್ತದೆ. ಯಾರೂ ಬಿಚ್ಚೋ ಹಾಗಿಲ್ಲ.”

ರಾಜೇಶ್‌ಕುಮಾರ್ ಏನೋ ಹೇಳಲು ಹೊರಟ. ಸಿದ್ದಾಜಮ್ಮ ಕೈಯೆತ್ತಿ ತಡೆದರು.

“ಇರ್ಲಿ ಬುಡಪ್ಪ, ಬಿಚ್ಬೇಡ. ಎಳ್ಳು ಈಸ್ಕೊಳೋಕೆ ಊರೋರೆಲ್ಲ ಬತ್ತಾರೆ. ಅಂಗ್ಡಿ ವಿಳಾಸ ಓದ್ಕೊಳ್ಳಿ ಅಂತ ಹಾಕವ್ರೆ.”