ಭೂಮಿಯ ಬಿಸಿಗೆ ಖಾಯಂ ಕಾರಣ

ಭೂಮಿಯ ಬಿಸಿ ಏರುತ್ತಿರುವುದಕ್ಕೆ ಕಾರಣವನ್ನು ಸಮಿತಿಯು ಹದಿನಾಲ್ಕು ಸಭೆಗಳಲ್ಲಿ ಪತ್ತೆಹಚ್ಚಿದ್ದು, ಸದರಿ ಕಾರಣವು ಕಚೇರಿಯ ಗೇಟಿನ ಎದುರಿಗೇ ಬಟ್ಟೆಗೆ ಇಸ್ತ್ರಿ ಹಾಕುತ್ತ ನಿಂತಿರುವುದು ಕಂಡುಬಂದಿದೆ.

ಇಸ್ತ್ರಿಯಣ್ಣನ ಮೇಲೆ ಯಾರಿಗೂ ದ್ವೇಷವಿರಲಿಲ್ಲ. ನಮೂನೆಯ ಏಳನೇ ಕಲಮಿನಲ್ಲಿ ‘ಕಾರಣದ ಸಹಿ ಮತ್ತು ಖಾಯಂ ವಿಳಾಸ’ ಬೇಕಿತ್ತು, ಅಷ್ಟೇ. ಪಕ್ಕದ ಸಿಮೆಂಟು ಕಾರ್ಖಾನೆಯ ಹೊಗೆ ಮೂರನೇ ಮಹಡಿಗಿಂತ ಮೇಲೆ ಹೋಗುವುದರಿಂದ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ. ಮೇಲಾಗಿ ಸಭೆಯ ತಿಂಡಿ ಬರುತ್ತಿದ್ದದ್ದೂ ಅಲ್ಲಿಂದಲೇ. ಲಾರಿ, ಕಾರುಗಳು ಒಂದು ಕಡೆ ನಿಲ್ಲುವ ಜಾತಿಯಲ್ಲ, ಅವಕ್ಕೆಲ್ಲಿಯ ಖಾಯಂ ವಿಳಾಸ? ಅಧ್ಯಕ್ಷರ ಕೋಣೆಯ ಏಸಿಯಂತೂ ತಂಪು ಕೊಡುವ ಯಂತ್ರ. ಉಳಿದದ್ದು ಇಸ್ತ್ರಿಪೆಟ್ಟಿಗೆ. ಒಳಗೆ ಕೆಂಡ, ಪಕ್ಕದಲ್ಲಿ ಮನುಷ್ಯ, ಆ ಮನುಷ್ಯನಿಗೆ ಸಹಿ ಹಾಕಲೂ ಬರುತ್ತಿತ್ತು.

“ಸಾರ್, ಒಂದು ಹಿಡಿ ಇದ್ದಿಲಿಗೆ ಇಡೀ ಭೂಮಿ ಬಿಸಿಯಾಗುತ್ತಾ?” ಎಂದ ಇಸ್ತ್ರಿಯಣ್ಣ.

“ಅದನ್ನೆಲ್ಲ ಸಮಿತಿ ನೋಡ್ಕೊಳ್ಳುತ್ತೆ. ನೀನು ಒತ್ತಿ ಸಹಿ ಹಾಕು, ಅಡಿಯಲ್ಲಿ ಇನ್ನೂ ಮೂರು ಪ್ರತಿ ಇವೆ,” ಎಂದ ಗುಮಾಸ್ತ.

ಆ ಮಧ್ಯಾಹ್ನವೇ ಪೆಟ್ಟಿಗೆ ಜಪ್ತಾಯಿತು. ಹೊಟ್ಟೆಪಾಡೆಲ್ಲ ಅದರಲ್ಲೇ ಇದ್ದದ್ದು. ಹೆಂಡತಿ ತಲೆ ಮೇಲೆ ಕೈಹೊತ್ತು ಕೂತಳು.

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ! ನಾಳೆ ಮಕ್ಕಳಿಗೆ ಏನು ಬೇಯಿಸಿ ಹಾಕ್ಲಿ?”

ಹತ್ತೇ ದಿನದಲ್ಲಿ ಸಮಿತಿಗೂ ಗಂಡಾಂತರ ಬಂತು. ಕಾರಣ ನಿವಾರಣೆಯಾದ ಮೇಲೆ ಸಮಿತಿ ಯಾತಕ್ಕೆ ಎಂದು ಮೇಲಿನವರು ಕೇಳಿಬಿಟ್ಟರು. ಅಯ್ಯೋ ಪಾಪ, ಅಧ್ಯಕ್ಷರು ಸುಕ್ಕು ಅಂಗಿಯಲ್ಲೇ, ಪೆಟ್ಟಿಗೆಯನ್ನು ಸ್ವತಃ ಹೊತ್ತುಕೊಂಡು ಇಸ್ತ್ರಿಯಣ್ಣನ ಮನೆಗೆ ಓಡಿದರು.

“ಅಣ್ಣಾ, ಹೇಗಾದ್ರೂ ಮಾಡಿ ಮುಂದುವರಿಸು. ಸಮಿತಿಯ ಹನ್ನೊಂದು ಸಂಸಾರ ನಿನ್ನನ್ನೇ ನಂಬ್ಕೊಂಡಿವೆ.”

ಮರುದಿನ ಆದೇಶ ಹೊರಟಿತು: ‘ಸದರಿ ಕಾರಣವನ್ನು ಸಂಬಳ ಸಹಿತ ಖಾಯಂಗೊಳಿಸಲಾಗಿದೆ. ಕಾರಣವು ಪ್ರತಿದಿನ ಹತ್ತು ಗಂಟೆಗೆ ಹಾಜರಾಗಿ ಕೆಂಡ ಊದತಕ್ಕದ್ದು.’

ಮೊದಮೊದಲು ಇಸ್ತ್ರಿಯಣ್ಣನಿಗೆ ತಲೆ ಎತ್ತಿ ನಡೆಯಲು ನಾಚಿಕೆಯಾಗುತ್ತಿತ್ತು. ಬರಬರುತ್ತ ಒಗ್ಗಿಹೋಯಿತು. ಸೆಕೆ ಹೆಚ್ಚಾದ ದಿನ ಪಕ್ಕದ ಮನೆಯ ಅಜ್ಜಿ, “ಏನಪ್ಪಾ ಇವತ್ತು ಇಷ್ಟೊಂದು! ಸ್ವಲ್ಪ ಕೈ ಬಿಗಿ ಹಿಡಿಯೋ,” ಅಂದರೆ, “ನಾಳೆ ನೋಡೋಣ ಅಜ್ಜಿ,” ಅನ್ನುತ್ತಿದ್ದ. ಕಾರ್ಖಾನೆ ಇನ್ನೆರಡು ಚಿಮಣಿ ಕಟ್ಟಿತು. ಅಧ್ಯಕ್ಷರು ಗರಿಗರಿ ಅಂಗಿ ತೊಟ್ಟು ಉದ್ಘಾಟಿಸಿದರು.

ಒಮ್ಮೆ ಸೊಂಟ ಹಿಡಿದುಕೊಂಡು ಇಸ್ತ್ರಿಯಣ್ಣನಿಗೆ ಮೂರು ದಿನ ಏಳಲಾಗಲಿಲ್ಲ. ರಜೆ ಅರ್ಜಿ ಕಳಿಸಿದ. ಅದು ಷರಾ ಸಮೇತ ವಾಪಸು ಬಂತು: ‘ಮೂರೂ ದಿನ ಬಿಸಿ ಏರಿರುವುದರಿಂದ ಅರ್ಜಿದಾರರು ಕರ್ತವ್ಯದಲ್ಲಿದ್ದದ್ದು ದೃಢಪಟ್ಟಿದೆ. ರಜೆ ನಿರಾಕರಿಸಲಾಗಿದೆ.’

“ನಾನು ಮಲಗೇ ಇದ್ನಲ್ಲೇ!” ಎಂದ ಹೆಂಡತಿಗೆ.

“ಸುಮ್ನಿರಿ, ಅಷ್ಟು ದೊಡ್ಡ ಸಮಿತಿ ಸುಳ್ಳು ಹೇಳುತ್ತಾ?” ಎಂದು ಅವಳು ಸೊಂಟಕ್ಕೆ ಎಣ್ಣೆ ತಿಕ್ಕಿದಳು. “ಮಲಗಿದಲ್ಲಿಂದಲೇ ಇಷ್ಟು ಕೆಲಸ ಮಾಡೋರು ಬೇರೆ ಯಾರಿದಾರೆ ಹೇಳಿ?”

ಇಸ್ತ್ರಿಯಣ್ಣನಿಗೆ ಹೌದಲ್ಲ ಅನ್ನಿಸಿತು. ಸ್ವಲ್ಪ ಹೆಮ್ಮೆಯೂ ಆಯಿತು.