ಬಾಯಲ್ಲಿ ಬಾಳೆನಾರು

ನನಗೆ ಆಗ ಅರವತ್ತೆರಡು. ಈಗ್ಗೆ ಒಂಬತ್ತು ವರ್ಷದ ಹಿಂದಿನ ಮಾತು. ಓದಿದ್ದು ಎರಡನೇ ಕ್ಲಾಸು, ಅದೂ ಪೂರ್ತಿಯಲ್ಲ. ಆದರೆ ಮಾತಿಗೆ ನನ್ನಲ್ಲಿ ಯಾವತ್ತೂ ಬರಗಾಲ ಬಂದದ್ದಿಲ್ಲ. ಬೇರೆಯವರ ಬಾಯಿಯ ಮಾತನ್ನೂ ನಾನೇ ಆಡಿ ಮುಗಿಸುತ್ತಿದ್ದೆ. ಅದನ್ನು ಉಪಕಾರ ಎಂದೇ ತಿಳಿದಿದ್ದೆ.

ಈ ಉಪಕಾರ ಹೆಚ್ಚಾಗಿ ಆದದ್ದು ಮೊಮ್ಮಗಳು ಉಷಾಳಿಗೆ. ಅವಳಿಗೆ ಮಾತು ತಡೆಯುತ್ತಿತ್ತು. ಅದರಲ್ಲೂ ‘ಉ’ ಬಂದರೆ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ ಹಾಗೆ. ಹೆಸರೇ ಉಷಾ; ಇಟ್ಟವಳು ನಾನೇ. ನಾಲಿಗೆಗೆ ಬಜೆ ತೇದು ಹಚ್ಚಿದೆ. ಯಾರೋ ಹೇಳಿದರೆಂದು ಬಾಯಲ್ಲಿ ಸಣ್ಣ ಕಲ್ಲು ಇಟ್ಟು ಮಾತಾಡಿಸಿದೆ. ಕಲ್ಲು ಒಳಗೆ ಹೋಯಿತು, ಮಾತು ಹೊರಗೆ ಬರಲಿಲ್ಲ. ಒಮ್ಮೆ ಬಚ್ಚಲಿನಿಂದ “ಅಜ್ಜೀ, ಉ… ಉ…” ಎನ್ನುತ್ತಾ ಓಡಿ ಬಂದಳು. “ಉಪ್ಪಾ? ತಗೋ” ಎಂದು ಭರಣಿಯನ್ನೇ ಕೈಗೆ ಕೊಟ್ಟೆ. ಬಚ್ಚಲಲ್ಲಿ ಉಪ್ಪು ಯಾರಿಗೆ ಬೇಕು ಎಂದು ಯೋಚಿಸುವ ವ್ಯವಧಾನ ನನಗೆಲ್ಲಿ? ಅವಳು ಹೇಳಹೊರಟದ್ದು ಉಚ್ಚು. ಕನ್ನಡದವರು ಬೇರೆ ಎಂತದೋ ತಿಳಿಯಬೇಡಿ. ನಮ್ಮದು ತುಳು ಮನೆ, ತುಳುವಿನಲ್ಲಿ ಉಚ್ಚು ಎಂದರೆ ಹಾವು. ಮರುಕ್ಷಣ ಬಚ್ಚಲಿಗೆ ಹೋದ ನನ್ನ ಬಾಯಿಂದ ಯಾವ ಅಕ್ಷರವೂ ಹೊರಡಲಿಲ್ಲ.

ಏಳನೇ ಕ್ಲಾಸು ಪಾಸಾದ ಮೇಲೆ ಉಷಾ ಒಂದು ಚೀಟಿ ಬರೆದು ಕೊಟ್ಟಳು. ನಾನು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಒಲೆಯ ಮೇಲಿನ ಗಂಜಿ ಉಕ್ಕಿತು. ಅವಳು ಮಾತ್ರ ಸುಮ್ಮನೆ ಕಾಯುತ್ತಿದ್ದಳು. ‘ಹೈಸ್ಕೂಲಿಗೆ ಹೋಗುವುದಿಲ್ಲ. ಅಲ್ಲಿ ಹೆಸರು ಕೇಳುತ್ತಾರೆ. ನಿಮ್ಮ ಜೊತೆ ಮಲ್ಲಿಗೆ ಕಟ್ಟುತ್ತೇನೆ.’

“ಮಲ್ಲಿಗೆ ಕಟ್ಟಲಿಕ್ಕೆ ನಮ್ಮ ಶಂಕರಪುರದಲ್ಲಿ ಬೇಕಾದಷ್ಟು ಜನ ಉಂಟು. ನೀನು ಹೋಗಿಯೇ ಹೋಗ್ತಿ” ಎಂದೆ. ಹೈಸ್ಕೂಲಿಗೆ ಸೇರಿಸಲು ಉಳಿದದ್ದು ಎರಡೇ ದಿನ. ಮೊದಲನೇ ದಿನ ಬಸ್ಸು ಹತ್ತಿಸಿ ಮಣಿಪಾಲಕ್ಕೆ, ಮಾತಿನ ತೊಂದರೆ ನೋಡುವ ಡಾಕ್ಟ್ರಮ್ಮನ ಹತ್ತಿರ ಕರೆದುಕೊಂಡು ಹೋದೆ.

“ನಿನ್ನ ಹೆಸರೆಂತ ಮಗಾ?” ಎಂದರು ಅವರು.

“ಉಷಾ” ಎಂದೆ ನಾನು.

“ಯಾವ ಕ್ಲಾಸು?”

“ಏಳು ಪಾಸು.”

ಡಾಕ್ಟ್ರಮ್ಮ ಪೆನ್ನು ಕೆಳಗಿಟ್ಟರು. “ಅಜ್ಜೀ, ತೊಂದರೆ ಇರುವುದು ನಿಮಗಾ, ಅವಳಿಗಾ?”

ಡಾಕ್ಟ್ರಮ್ಮ ಅರ್ಧ ಗಂಟೆ ಅವಳೊಡನೆ ಮಾತಾಡಿ, ಉಸಿರು ಬಿಡುತ್ತಾ ಮೆಲ್ಲಗೆ ಮಾತು ಶುರು ಮಾಡುವುದನ್ನು ತೋರಿಸಿಕೊಟ್ಟರು. ಮತ್ತೆ ನನ್ನ ಕಡೆ ತಿರುಗಿದರು. “ನಾಲಿಗೆಯಲ್ಲಿ ಎಂತ ದೋಷವೂ ಇಲ್ಲ. ಬಜೆಯೂ ಬೇಡ, ಕಲ್ಲೂ ಬೇಡ. ಒಂದೇ ದಿನದಲ್ಲಿ ಸರಿಯಾಗುವುದೂ ಅಲ್ಲ, ವಾರವಾರ ಬರಬೇಕು. ಅವಳ ಔಷಧಿ ನಾನು ಕೊಡ್ತೇನೆ. ನಿಮ್ಮದು ಇಷ್ಟೇ: ಅವಳ ಮಾತು ಅವಳೇ ಮುಗಿಸಬೇಕು. ನೀವು ಕಾಯಬೇಕು.”

“ಎಷ್ಟು ಹೊತ್ತು?”

“ಮುಗಿಯುವವರೆಗೆ ಅಜ್ಜೀ.”

ವಾಪಸು ಬರುವ ಬಸ್ಸಿನಲ್ಲೇ ಆರು ಸಲ ತಪ್ಪಿದೆ. ಉಷಾ ಎಣಿಸಿ ಬೆರಳು ತೋರಿಸಿದಳು. ನನ್ನ ಬಾಯಿಯನ್ನು ನಂಬಿ ಕೂತರೆ ಆಗುವುದಿಲ್ಲ ಎಂದು ಅಲ್ಲಿಯೇ ನಿಶ್ಚಯವಾಯಿತು.

ಮರುದಿನ ಬೆಳಿಗ್ಗೆ ಹೂ ಕಟ್ಟುವ ಬಾಳೆನಾರಿನಲ್ಲಿ ಒಂದು ತುಂಡು ಹರಿದು, ಒದ್ದೆ ಮಾಡಿ ಹಲ್ಲಿನ ನಡುವೆ ಕಚ್ಚಿಕೊಂಡೆ. ಹಾಗೆಯೇ ಅವಳನ್ನು ಹೈಸ್ಕೂಲಿಗೆ ಕರೆದುಕೊಂಡು ಹೋದೆ. ಹೆಡ್‌ಮಾಸ್ಟರರು ಹೆಸರು ಕೇಳಿದರು. “ಉ… ಉ…” ನನ್ನ ನಾಲಿಗೆ ಕಟ್ಟಿದ ಕರುವಿನ ಹಾಗೆ ಜಗ್ಗಿತು. ನಾರು ಕಚ್ಚಿದೆ. ಅವರು ಸಹಾಯಕ್ಕೆ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಗೋಡೆಯಲ್ಲಿ ಹಲ್ಲಿಯೊಂದು ಈ ತುದಿಯಿಂದ ಆ ತುದಿಗೆ ಹೋಗಿ ಮುಟ್ಟಿತು.

“…ಉಷಾ.”

“ಅಜ್ಜಿಯ ಹೆಸರು?” ಎಂದು ನನ್ನನ್ನು ಕೇಳಿದರು. ನನ್ನ ಬಾಯಲ್ಲಿ ನಾರು. “ಪಾಪ, ಅಜ್ಜಿಗೆ ಮಾತು ಬರುವುದಿಲ್ವಾ?”

ಉಷಾ ನನ್ನತ್ತ ಒಮ್ಮೆ ನೋಡಿದಳು. “ಬ… ಬರ್ತದೆ ಸರ್,” ಎಂದಳು. “ಬಂದದ್ದೇ ಜಾ… ಜಾಸ್ತಿಯಾಗಿ ಮ… ಮದ್ದು ಮಾಡ್ತಾ ಇದ್ದೇವೆ.”

ಅದಕ್ಕೆ ಕೊಡಬೇಕಾದ ಉತ್ತರ ನನ್ನ ಬಾಯಲ್ಲಿ ಸಿದ್ಧವಾಗಿಯೇ ಇತ್ತು. ನಾರನ್ನು ಇನ್ನೂ ಗಟ್ಟಿಯಾಗಿ ಕಚ್ಚಿದೆ.