ಚೈನ್ ಟ್ರ್ಯಾಕ್ಟರಿನ ಖರೆ ನಂಬರು

ಎಡಗಡೆಯ ಚೈನಿಗೆ ಮೂವತ್ತನಾಲ್ಕು ಕಬ್ಬಿಣದ ಪಟ್ಟಿಗಳು, ಬಲಗಡೆಯದಕ್ಕೆ ಮೂವತ್ತಮೂರು. ಎರಡು ಸಲ ಎಣಿಸಿದ್ದೇನೆ. ಕಡಿಮೆ ಬಿದ್ದ ಆ ಒಂದು ಪಟ್ಟಿ ನಮ್ಮ ಕಾಕಾರ ಮಂಚದ ಕೆಳಗೆ ಹಳೆಯ ಧೋತರ ಸುತ್ತಿಕೊಂಡು ಮಲಗಿದೆ. ಕಳ್ಳರು ಟ್ರ್ಯಾಕ್ಟರನ್ನು ಓಡಿಸಿಕೊಂಡು ಹೋಗಬಾರದೆಂದು ಅವರೇ ಬಿಚ್ಚಿಟ್ಟದ್ದು. ಆ ಟ್ರ್ಯಾಕ್ಟರಾದರೂ ಎಂಥದ್ದು? ಸುಮಾರು ಎಂಟು ಟನ್ ತೂಕ. ಗಾಲಿಗಳ ಬದಲು ಯುದ್ಧದ ಟ್ಯಾಂಕಿನಂತೆ ಎರಡು ಚೈನು. ಇಂಜಿನ್ನು ನಾನು ಹುಟ್ಟುವ ಮೊದಲೇ ನಿಂತುಹೋದದ್ದು. ಇದನ್ನು ಕದಿಯಬೇಕಾದರೆ ಕಳ್ಳರು ಕ್ರೇನ್ ತರಬೇಕು. ಇಷ್ಟರ ಮೇಲೂ ಕಾಕಾ ಅದರ ಚೈನನ್ನು ಷೆಡ್ಡಿನ ಕಂಬಕ್ಕೆ ಸೇರಿಸಿ ಒಂದು ಸೈಕಲ್ ಬೀಗ ಜಡಿದಿದ್ದಾರೆ!

ನಮ್ಮ ಕಾಕಾ ಯಾರನ್ನೂ ನಂಬುವುದಿಲ್ಲ ಎಂದು ಕೊಗನೊಳ್ಳಿಯಲ್ಲಿ ಎಲ್ಲರೂ ಹೇಳುತ್ತಾರೆ. ಅದು ಅನ್ಯಾಯದ ಮಾತು. ತಮ್ಮನ್ನು ತಾವು ಅವರು ವಾರಕ್ಕೆ ಎರಡು ದಿನವಾದರೂ ನಂಬುತ್ತಾರೆ.

ಗುಡಿಗೆ ಹೋದರೆ ಒಂದು ಚಪ್ಪಲಿಯನ್ನು ಮುಂದಿನ ಬಾಗಿಲಲ್ಲಿ ಬಿಡುತ್ತಾರೆ, ಇನ್ನೊಂದನ್ನು ಹಿಂದಿನ ಬಾಗಿಲಲ್ಲಿ. ಒಂಟಿ ಚಪ್ಪಲಿಯನ್ನು ಯಾರು ಕದ್ದಾರು? ಲೆಕ್ಕ ಸರಿಯಾಗಿಯೇ ಇದೆ. ಆದರೆ ದೇವರಿಗೆ ಕೈಮುಗಿಯುವಾಗ ಎರಡೂ ಬಾಗಿಲುಗಳ ಮೇಲೆ ಕಣ್ಣಿಡಬೇಕಾಗುತ್ತದೆ. ದೇವರನ್ನು ನೋಡಲು ಮೂರನೆಯ ಕಣ್ಣೇ ಬೇಕು.

ಕಳೆದ ವರ್ಷ ಎಡಗಾಲಿನ ಮೊಣಕಾಲು ನೋವೆಂದು ನಿಪ್ಪಾಣಿಯ ಡಾಕ್ಟರ ಬಳಿ ಹೋದವರು ಬಲಗಾಲು ತೋರಿಸಿ ಬಂದರು. "ಯಾಕ್ರಿ ಕಾಕಾ?" ಎಂದರೆ, "ಖರೆ ಡಾಕ್ಟರ್ ಇದ್ದಿದ್ರ ಅಂವಾ ತಾನ ಎಡಗಾಲ ಹಿಡೀತಿದ್ದ. ಪರೀಕ್ಷಾ ಮಾಡಿದೆ. ನಪಾಸ್ ಆದ!" ಎಂದರು. ಕೊಟ್ಟ ಮುಲಾಮು ವ್ಯರ್ಥವಾಗಬಾರದೆಂದು ಎರಡು ತಿಂಗಳು ಬಲಗಾಲಿಗೇ ತಿಕ್ಕಿಕೊಂಡರು. ಇವತ್ತಿಗೂ ಕಾಕಾ ಎಡಗಾಲು ಎಳೆಯುತ್ತ ನಡೆಯುತ್ತಾರೆ. ಬಲಗಾಲು ಮಾತ್ರ ಬಹಳ ಚೆನ್ನಾಗಿದೆ.

ಇಂಥವರ ಷೆಡ್ಡಿನ ಗೋಡೆಗೆ ಒಂದು ದಿನ ಯಾರೋ ಬಂದು ಕೆಂಪು ಬಣ್ಣದ ಗುರುತು ಹಾಕಿ ಹೋದರೆ ಏನಾಗಬೇಡ! ಬಂದವರು ಹೆದ್ದಾರಿ ಅಗಲ ಮಾಡುವವರು. ಷೆಡ್ಡು ರಸ್ತೆಗೆ ಹೋಗುತ್ತದೆ, ಒಂದು ತಿಂಗಳೊಳಗೆ ಖಾಲಿ ಮಾಡಬೇಕು ಎಂದು ಕಾಗದ ಕೊಟ್ಟಿದ್ದರು. ಕಾಕಾ ಆ ಕಾಗದವನ್ನು ಬಿಸಿಲಿಗೆ ಹಿಡಿದು ಹಿಂದುಮುಂದು ನೋಡಿದರು.

"ರಸ್ತೆ ಅನ್ನೂದು ಬರೇ ನೆಪ. ಇವರ ಕಣ್ಣ ಟ್ರ್ಯಾಕ್ಟರ್ ಮ್ಯಾಲ ಐತಿ."

ಒಂದು ಟ್ರ್ಯಾಕ್ಟರು ಕದಿಯಲು ಸರಕಾರ ಬೆಂಗಳೂರಿನಿಂದ ಮುಂಬೈವರೆಗೆ ರಸ್ತೆ ಅಗಲ ಮಾಡುತ್ತದೆಯೇ?

ಅನುಮಾನವೇನೇ ಇರಲಿ, ಷೆಡ್ಡು ಖಾಲಿಯಾಗಲೇಬೇಕಿತ್ತು. ಕಾಲುವೆ ಕೆಲಸ ಮುಗಿದಾಗ ಅಜ್ಜ ಹರಾಜಿನಲ್ಲಿ ತಂದ ಯಂತ್ರವದು. ಕಾಕಾ ತಮ್ಮ ಹರೆಯದಲ್ಲಿ ಅದನ್ನು ಓಡಿಸಿ ಬೇಡಕಿಹಾಳದವರೆಗೆ ಎಷ್ಟೋ ಜನರ ಹೊಲ ಸಮ ಮಾಡಿಕೊಟ್ಟಿದ್ದರು. ಈಗ ಅದಕ್ಕೆ ಎರಡೇ ದಾರಿ ಉಳಿದಿದ್ದವು. ಒಂದು, ಗುಜರಿಯವನು ಗ್ಯಾಸ್ ಕಟರ್ ತಂದು ತುಂಡು ಮಾಡಿ ಕಿಲೋ ಲೆಕ್ಕದಲ್ಲಿ ಒಯ್ಯುವುದು. ಇನ್ನೊಂದು, ಹಳೆಯ ಯಂತ್ರಗಳನ್ನು ಕೂಡಿಡುವ ಕೊಲ್ಲಾಪುರದ ಒಬ್ಬ ಸಾಹೇಬರು ಇಡಿಯಾಗಿ ಒಯ್ದು, ರಿಪೇರಿ ಮಾಡಿಸಿ, ನೆರಳಿನಲ್ಲಿ ನಿಲ್ಲಿಸಿಕೊಳ್ಳುವುದು.

ಸಾಹೇಬರೊಡನೆ ವ್ಯವಹರಿಸಲು ಕಾಕಾ ನನ್ನನ್ನು ಆರಿಸಿದರು. ನಾನು ಧಾರವಾಡದಲ್ಲಿ ಭೌತಶಾಸ್ತ್ರ ಓದಿ ನಿಪ್ಪಾಣಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಭೌತಶಾಸ್ತ್ರಕ್ಕೂ ಟ್ರ್ಯಾಕ್ಟರಿಗೂ ಏನು ಸಂಬಂಧ? ಏನೂ ಇಲ್ಲ. ಕಾಕಾ ಮೆಚ್ಚಿದ್ದು ನನ್ನ ವಿದ್ಯೆಯನ್ನಲ್ಲ.

"ಈಕಿ ಬಾಯಿ ಬಿಡೂದುಲ್ಲ. ಮೂರ ವರ್ಷದಿಂದ ಮಂದಿ ಮದುವಿ ಯಾವಾಗ ಅಂತ ಕೇಳಾಕತ್ತಾರ, ಹೂಂ ಅಂದಿಲ್ಲ, ಊಹೂಂ ಅಂದಿಲ್ಲ!" ಎಂದು ನನ್ನ ಎದುರಿಗೇ ಅಪ್ಪನಿಗೆ ಹೇಳಿದರು. ಇದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಸಾಹೇಬರು ಬಂದ ದಿನ ಕಾಕಾ ಟ್ರ್ಯಾಕ್ಟರಿನ ಅರ್ಧ ಭಾಗಕ್ಕೆ ಗೋಣಿತಟ್ಟು ಹೊದಿಸಿದ್ದರು. ಎಡಭಾಗ ನೋಡಿ ಆದಮೇಲೆ ಸಾಹೇಬರನ್ನು ಹೊರಗೆ ಕಳಿಸಿ, ಗೋಣಿತಟ್ಟನ್ನು ಎಡಕ್ಕೆ ಹಾಕಿ, ಬಲಭಾಗ ತೋರಿಸಿದರು.

"ಪೂರಾ ಒಮ್ಮೆ ತೋರಿಸ್ರಿ ಮಾಲಕ," ಎಂದರು ಸಾಹೇಬರು.

"ಪೂರಾ ನೋಡಿದ್ರ ನೀವು ಮನ್ಯಾಗ ಕುಂತು ಇಂಥಾದ್ದ ಇನ್ನೊಂದು ಮಾಡಸ್ತೀರಿ."

"ಎಂಟ ಟನ್ನಿಂದ? ಮನ್ಯಾಗ?"

"ಹೂಂ. ಕೊಲ್ಲಾಪುರದ ಮಂದಿ ನೀವು. ನಿಮಗೇನ ಆಗೂದುಲ್ಲ!"

ಸಾಹೇಬರು ತಾಳ್ಮೆಯ ಮನುಷ್ಯ. ವಿಷಯವನ್ನು ನನಗೆ ಬಿಡಿಸಿ ಹೇಳಿದರು. ಈ ಮಾದರಿ ಮೊದಮೊದಲು ತಯಾರಾದದ್ದು ಬಹಳ ಕಡಿಮೆ. ಅವು ಈಗ ಸಿಗುವುದೇ ಇಲ್ಲ. ಆಮೇಲೆ ಅದೇ ಆಕಾರದಲ್ಲಿ ರಾಶಿ ರಾಶಿ ಬಂದವು. ಅವುಗಳಿಗೆ ಲಾರಿ ಬಾಡಿಗೆ ಕೊಡುವುದೂ ದಂಡ. ಬಿಡಿಭಾಗಗಳು ಎಷ್ಟೋ ಸಲ ಬದಲಾಗಿರುವುದರಿಂದ ಕಣ್ಣಳತೆಯಲ್ಲಿ ಹೇಳಲಾಗದು. ಗುರುತು ಸಿಗುವುದು ನಂಬರಿನಿಂದ ಮಾತ್ರ. ನಾಲ್ಕು ಅಂಕಿಗಳಿದ್ದರೆ ಮೊದಲಿನವು, ಐದಿದ್ದರೆ ಆಮೇಲಿನವು.

"ನಂಬರಿನ ಪ್ಲೇಟ್ ಎಲ್ಲಿ ಐತ್ರಿ?"

"ದೂಧಗಂಗಾದಾಗ," ಎಂದರು ಕಾಕಾ.

ಕಿತ್ತು ಹೊಳೆಗೆ ಎಸೆದಿದ್ದರಂತೆ! ಪ್ಲೇಟು ಇದ್ದರೆ ಕಳ್ಳರಿಗೆ ಕಾಗದಪತ್ರ ಮಾಡಿಸುವುದು ಸುಲಭವಲ್ಲವೇ? ಹಾಗಾದರೆ ನಂಬರಾದರೂ ನೆನಪಿದೆಯೇ ಎಂದು ಸಾಹೇಬರು ಕೇಳಿದರು. ಕಾಕಾ ತಡವರಿಸದೆ ಐದು ಅಂಕಿ ಹೇಳಿದರು. ಸಾಹೇಬರ ಮುಖ ಬಾಡಿತು. ಅವರು ಹೋದಮೇಲೆ ನಾನು ಕೇಳಿದಾಗ ಆರು ಅಂಕಿ ಹೇಳಿದರು. ಗುಜರಿಯವನಿಗೆ ಮೊದಲೇ ಮೂರು ಅಂಕಿ ಹೇಳಿದ್ದರು!

"ಕಾಕಾ, ಇದರಾಗ ಖರೆ ಯಾವುದ್ರಿ?"

"ಒಬ್ಬೊಬ್ಬರಿಗೆ ಒಂದೊಂದು ಹೇಳೇನಿ. ನಾಳೆ ನಂಬರ್ ಹೊರಗ ಬಿತ್ತಂದ್ರ ಯಾರ ಬಾಯಿಂದ ಬಿತ್ತು ಅಂತ ನನಗ ತಿಳೀಬೇಕಲ?"

ಯುಕ್ತಿಯನ್ನು ಮೆಚ್ಚಲೇಬೇಕು. ಆದರೆ ಆ ಯುಕ್ತಿಯಿಂದಲೇ ಯಂತ್ರ ಗುಜರಿಗೆ ಹೋಗುವುದರಲ್ಲಿತ್ತು. ಗುಜರಿಯವನು ಬರುವ ಸೋಮವಾರ ಕಟರ್ ತರುತ್ತೇನೆ ಎಂದು ಹೇಳಿ ಹೋದ. ಕಾಕಾ ಎರಡು ದಿನ ಊಟದ ತಾಟಿನ ಮುಂದೆ ಸುಮ್ಮನೆ ಕುಳಿತು ಎದ್ದುಹೋದರು. ಆಗ ನನಗೂ ಅವರ ಮೇಲೆ ಅನುಮಾನ ಶುರುವಾಯಿತು. ಯಂತ್ರದ ಮೇಲೆ ಇಷ್ಟು ಜೀವ ಇಟ್ಟುಕೊಂಡವರು ಅದನ್ನು ಉಳಿಸುವ ನಾಲ್ಕು ಅಂಕಿಗಳನ್ನು ಯಾಕೆ ಹೇಳುವುದಿಲ್ಲ? ನಾಲ್ಕು ಅಂಕಿಗಳೇ ಇಲ್ಲವೇ? ಅಥವಾ ಮರೆತೇ ಹೋಗಿದೆಯೇ?

ಉತ್ತರ ಸಿಕ್ಕಿದ್ದು ಅಡುಗೆಮನೆಯಲ್ಲಿ. ಕಾಕು, ಎಂದರೆ ಕಾಕಾರ ಹೆಂಡತಿ, ಕಾಗಲ ಕಡೆಯವರು. ನಲವತ್ತು ವರ್ಷ ಕನ್ನಡದ ಮನೆಯಲ್ಲಿದ್ದರೂ ಅವರ ಮಾತಿನಲ್ಲಿ ಮರಾಠಿ ಇಣುಕುತ್ತಲೇ ಇರುತ್ತದೆ. ಮೆಣಸಿನಕಾಯಿ ಕುಟ್ಟುತ್ತ ನನ್ನ ಗೋಳು ಕೇಳಿದವರು ನಕ್ಕುಬಿಟ್ಟರು.

"ಅಗ, ನಂಬರ್ ಬೇಕಾಗಿದ್ರ ನನ್ನ ಯಾಕ ಕೇಳಲಿಲ್ಲ ಬಾಳಾ?"

"ನಿಮಗ ಗೊತ್ತೈತೇನ್ರಿ?"

"ಊರ ಮಂದಿಗೆಲ್ಲಾ ಸುಳ್ಳ ಹೇಳ್ತಾರ. ಖರೆ ಹೇಳಿದ್ದು ನನಗೊಬ್ಬಾಕಿಗೇ." ಕಾಕು ಕುಟ್ಟುವುದನ್ನು ನಿಲ್ಲಿಸಿ ದನಿ ತಗ್ಗಿಸಿದರು. "ಲಗ್ನ ಆಗಿ ನಾಕನೇ ದಿವಸ. ಟ್ರ್ಯಾಕ್ಟರ್ ಸೀಟಿನ ಮ್ಯಾಲ ಕುಂಡ್ರಿಸಿ ಕಿವ್ಯಾಗ ಹೇಳಿದ್ರು. ಮೂರು, ಸೊನ್ನಿ, ಒಂಬತ್ತು, ಏಳು. ಮಂದಿ ಹೆಣ್ತಿಗೆ ಬಂಗಾರ ಹಾಕ್ತಾರ. ಇವರು ನಂಬರ್ ಕೊಟ್ರು!"

ನಾಲ್ಕು ಅಂಕಿ! ನನಗೆ ಒರಳಿನ ಪಕ್ಕದಲ್ಲೇ ಕುಣಿಯಬೇಕೆನ್ನಿಸಿತು. ಕುಣಿಯಲಿಲ್ಲ, ಅದು ನನ್ನ ಸ್ವಭಾವವಲ್ಲ.

"ಪ್ರತಿ ಖಂಡೇನವಮಿಗೆ, ಆಯುಧ ಪೂಜಾದಾಗ, ಅದಕ್ಕ ಕುಂಕುಮ ಹಚ್ಚೂ ಮುಂದ ಮನಸಿನ್ಯಾಗ ಅದ ನಂಬರ್ ಅಂತೀನಿ. ನನಗ ಬ್ಯಾರೆ ಮಂತ್ರ ಎಲ್ಲಿ ಬರ್ತಾವ?" ಎಂದು ಕಾಕು ಮತ್ತೆ ಒನಕೆ ಎತ್ತಿದರು.

ಸಾಹೇಬರಿಗೆ ಆಗಲೇ ಫೋನು ಮಾಡಿದೆ. ಬಾಯಿಮಾತು ಸಾಲದು, ಗೇರುಪೆಟ್ಟಿಗೆಯ ಹಿಂಭಾಗದ ಕಬ್ಬಿಣದಲ್ಲೂ ಅದೇ ನಂಬರನ್ನು ಒತ್ತಿರುತ್ತಾರೆ, ಅದರ ಫೋಟೋ ಕಳಿಸಿದರೆ ನಾಳೆಯೇ ಲಾರಿ ಗೊತ್ತು ಮಾಡುತ್ತೇನೆ ಎಂದರು. ಮಧ್ಯಾಹ್ನ ಊಟವಾಗಿ ಕಾಕಾ ಅಡ್ಡಾದ ಹೊತ್ತಿನಲ್ಲಿ ಅವರ ದಿಂಬಿನ ಕೆಳಗಿನ ಬೀಗದ ಕೈ ಮೆಲ್ಲಗೆ ಎಳೆದುಕೊಂಡು ಷೆಡ್ಡಿಗೆ ಹೋದೆ. ಇಡೀ ಟ್ರ್ಯಾಕ್ಟರಿನ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದುಹೋಗಿತ್ತು. ಗೇರುಪೆಟ್ಟಿಗೆಯ ಹಿಂದೆ ಮಾತ್ರ ಅಂಗೈಯಗಲದ ಒಂದು ಜಾಗ ಹೊಸದಾಗಿ ಹೊಳೆಯುತ್ತಿತ್ತು. ಬೂದು ಬಣ್ಣ, ಪದರದ ಮೇಲೆ ಪದರ. ವರ್ಷ ವರ್ಷವೂ ಯಾರೋ ಬಳಿಯುತ್ತ ಬಂದಂತಿತ್ತು. ಹಳೆಯ ಚೂರಿಯಿಂದ ಮೆಲ್ಲಗೆ ಕೆರೆದೆ. ಮೂರು ಕಾಣಿಸಿತು. ಆಮೇಲೆ ಸೊನ್ನೆ.

"ಸಾಕು."

ತಿರುಗಿ ನೋಡಿದರೆ ಕಾಕಾ. ಸಿಟ್ಟಿರಲಿಲ್ಲ. ಎಡಗಾಲು ಎಳೆಯುತ್ತ ಬಂದು ಚೈನಿನ ಮೇಲೆ ಕುಳಿತರು.

"ಕಾಕು ಹೇಳಿದಳೇನು?"

"ಹೂಂ ರಿ. ನಾಕ ಅಂಕಿ ಐತಿ ಕಾಕಾ. ಇದು ಗುಜರಿಗೆ ಹೋಗೂದು ಬ್ಯಾಡ. ಇನ್ನ ಎರಡ ಅಂಕಿ ಕೆರದ್ರ ಸಾಕು."

"ಮೂರನೇ ಅಂಕಿ ಒಂಬತ್ತಲ್ಲ," ಎಂದರು ಕಾಕಾ. "ನಾಕು."

ನನಗೆ ತಿಳಿಯಲಿಲ್ಲ.

"ಆಕಿ ಅಣ್ಣಂದು ಕಾಗಲದಾಗ ಸ್ಪೇರ್ ಪಾರ್ಟಿನ ಅಂಗಡಿ ಇತ್ತು. ಆಕಿ ಬಂದು ನಾಕ ದಿವಸ ಆಗಿತ್ತು. ಹೊಸಾ ಹೆಣ್ತಿ, ಸ್ಪೇರ್ ಪಾರ್ಟಿನಾಂವನ ತಂಗಿ. ಹೆಂಗ ನಂಬೂದು, ನೀನ ಹೇಳು?" ಕಾಕಾ ಸೈಕಲ್ ಬೀಗವನ್ನು ಸುಮ್ಮನೆ ತಿರುವುತ್ತಿದ್ದರು. "ಒಂದ ಅಂಕಿ ತಿರುವಿದೆ. ಆಮ್ಯಾಲ ವರ್ಷ ಆಗೂದ್ರಾಗ ನಂಬಿಗಿ ಬಂತು. ಖಂಡೇನವಮಿ ದಿವಸ ಖರೆ ಹೇಳಬೇಕಂತ ಇಲ್ಲಿಗೆ ಬಂದ್ರ, ಆಕಿ ಕಣ್ಣ ಮುಚ್ಚಿ, ಕುಂಕುಮ ಹಚ್ಚಿ, ಅದನ್ನ ಮಂತ್ರ ಅಂದಂಗ ಅನ್ನಾಕತ್ತಿದ್ಲು. ನನ್ನ ಬಾಯಿ ಏಳಲಿಲ್ಲ. ಆಕಿಗೆ ಅಂಕಿ ಓದಾಕ ಬರ್ತಾವ. ಅವತ್ತ ಪ್ಲೇಟ್ ಕಿತ್ತು ಹೊಳಿಗೆ ಒಗದೆ. ಇದರ ಮ್ಯಾಲ ಬಣ್ಣ ಬಳದೆ."

ಇಷ್ಟು ವರ್ಷ ಊರಿಗೆಲ್ಲ ಒಂದೊಂದು ನಂಬರು ಹೇಳಿದ್ದು ಯಾವ ಕಳ್ಳರಿಗೂ ಹೆದರಿ ಅಲ್ಲ. ಖರೆ ನಂಬರು ಯಾರ ಬಾಯಿಂದಲೂ ತಪ್ಪಿ ಅಡುಗೆಮನೆಗೆ ಹೋಗಬಾರದು ಎಂದು.

"ಗುಜರಿಗೆ ಹೋಗ್ಲಿ ಬಿಡು," ಎಂದು ಕಾಕಾ ಎದ್ದರು. "ಅದು ಕಬ್ಬಿಣ. ಆಕಿ ಮನಸಿಗೆ ಹತ್ತಿದ್ರ ನಾ ಏನ ಮಾಡ್ಲಿ?" ಹೋಗುವಾಗ ಎಂದಿನಂತೆ ನನ್ನನ್ನು ಹೊರಗೆ ಕಳಿಸಿ ಷೆಡ್ಡಿಗೆ ಬೀಗ ಹಾಕಲಿಲ್ಲ. ನಾನು ತಂದಿಟ್ಟಿದ್ದ ಬೀಗದ ಕೈಯನ್ನು ಚೈನಿನ ಮೇಲೆಯೇ ಬಿಟ್ಟು ಹೋದರು.

ಮರುದಿನ ಬೆಳಿಗ್ಗೆ ಹಾಲಿನವನು ಬರುವ ಮೊದಲೇ ಷೆಡ್ಡಿಗೆ ಹೋಗಿ ಉಳಿದ ಎರಡು ಅಂಕಿಗಳನ್ನು ಕೆರೆದೆ. ನಾಲ್ಕು, ಏಳು. ಫೋಟೋ ತೆಗೆದು ಸಾಹೇಬರಿಗೆ ಕಳಿಸಿ, ಕೆಳಗೆ ಬರೆದೆ: "ಲಾರಿ ತರುವಾಗ ನಮ್ಮ ಮನೆಯಲ್ಲಿ ಯಾರೊಡನೆಯೂ ನಂಬರಿನ ಮಾತು ಎತ್ತಬೇಡಿ. ಕಾರಣ ಕೇಳಬೇಡಿ." ಎರಡು ನಿಮಿಷದಲ್ಲಿ ಉತ್ತರ ಬಂತು: "ಆತ್ರಿ. ನಿಮ್ಮ ಮನ್ಯಾಗ ಎಲ್ಲಾರೂ ಹಿಂಗ ಏನ್ರಿ?"

ಮೂಲೆಯಲ್ಲಿದ್ದ ಬೂದು ಬಣ್ಣದ ಡಬ್ಬಿ ತೆರೆದು ನಾಲ್ಕೂ ಅಂಕಿಗಳ ಮೇಲೆ ದಪ್ಪಗೆ ಎರಡು ಪದರ ಬಳಿದೆ. ಕೈಯನ್ನು ಸೀಮೆಎಣ್ಣೆಯಲ್ಲಿ ಒರೆಸಿಕೊಂಡು ಒಳಗೆ ಹೋದೆ. ಕಾಕು ಭಕ್ರಿ ತಟ್ಟುತ್ತಿದ್ದರು. ಕಾಕಾ ಬಾಗಿಲ ಬಳಿ ಚಹಾದ ಬಸಿ ಹಿಡಿದು ಕುಳಿತಿದ್ದರು.

"ಸಿಕ್ತೇನ ಬಾಳಾ ನಂಬರ್?" ಎಂದರು ಕಾಕು.

"ಸಿಕ್ತ್ರಿ. ಸಾಹೇಬರು ಲಾರಿ ತರ್ತಾರ."

"ನಾ ಹೇಳಿದ್ದ ಹೌದಿಲ್ಲ? ಮೂರು, ಸೊನ್ನಿ, ಒಂಬತ್ತು, ಏಳು?"

ಬಾಗಿಲ ಬಳಿ ಚಹಾ ಹೀರುವ ಸದ್ದು ನಿಂತಿತು. ನಾನು ತಾಟು ತೆಗೆದುಕೊಂಡು ಕಾಕು ಪಕ್ಕದಲ್ಲಿ ಕುಳಿತೆ.

"ಹೌದ್ರಿ ಕಾಕು," ಎಂದೆ. "ಅದ ಐತಿ. ನಾನ ಕಣ್ಣಾರೆ ನೋಡೇನಿ."